ರೂತಳ ಪಾತ್ರಕ್ಕೆ ಹಂಚಿನ ಮಸಿ

ಹೋದ ವಾರ ರೋಣದಲ್ಲಿ ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ನಾನು ಎಲ್ಲಿದ್ದರೂ ನಾಲ್ಕೂವರೆಗೆ ಏಳುವವಳು. ಐದಕ್ಕೆ ಹಿತ್ತಲಿಗೆ ಬಂದರೆ ತಂಗಿಯ ಸೊಸೆ ರೊಟ್ಟಿಯ ಹಂಚನ್ನು ಬೋರಲು ಹಾಕಿಕೊಂಡು ಅದರ ಬೆನ್ನಿನ ಮಸಿ ಕೆರೆಯುತ್ತಿದ್ದಳು. ಆಗಷ್ಟೇ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದಳು. ಮಸಿ ಮತ್ತು ಎಣ್ಣೆಯ ವಾಸನೆ ಕೂಡಿ ಮೂಗಿಗೆ ಬಂತು. ನನಗೆ ಸಿಟ್ಟು ಬಂತು.

"ಯಾಕ್ರಿ ಅತ್ತಿ, ಸಪ್ಪಳಕ್ಕ ಎಚ್ಚರಾತೇನ್ರಿ?" ಎಂದಳು ಅವಳು.

"ಇಲ್ಲವ್ವ. ನೀ ತಿಕ್ಕು," ಎಂದು ಒಳಗೆ ಬಂದೆ. ಸಿಟ್ಟು ಅವಳ ಮೇಲಿನದಲ್ಲ. ಹತ್ತು ವರ್ಷಕ್ಕೂ ಹಿಂದಿನದು. ಆ ವಾಸನೆ ಬಂದಾಗಲೆಲ್ಲ ಏಳುತ್ತದೆ, ಯಾರ ಮೇಲೆ ಇಳಿಸಬೇಕೆಂದು ತಿಳಿಯದೆ ಮತ್ತೆ ನನ್ನ ಮೇಲೆಯೇ ಕೂರುತ್ತದೆ.

ಆಗ ನಾನು ನರಗುಂದದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯಿನಿ. ಗಜೇಂದ್ರಗಡದ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿನ ಮೇಲೆ ಬೆಳೆದವಳು ನಾನು. ಐದರ ಗಂಟೆಗೆ ಏಳಬೇಕು, ಐದೂಕಾಲಿಗೆ ಹಾಸಿಗೆ ಸುತ್ತಿರಬೇಕು, ಒಂದು ನಿಮಿಷ ತಡವಾದರೆ ಊಟದ ಸಾಲಿನ ಕಟ್ಟಕಡೆಗೆ ನಿಲ್ಲಬೇಕು. ಆ ಗಂಟೆ ನನ್ನನ್ನು ಮನುಷ್ಯಳನ್ನಾಗಿ ಮಾಡಿತು ಎಂದು ನಂಬಿದ್ದೆ. ಹಾಗಾಗಿ ನನ್ನ ಶಾಲೆಯಲ್ಲೂ ಗಂಟೆಗೆ ಮೊದಲ ಮರ್ಯಾದೆ. ಹಾಜರಿ ಪುಸ್ತಕ ಹತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ಮೇಜಿನ ಮೇಲಿರಬೇಕು. ಗ್ಯಾದರಿಂಗ್‌ನಲ್ಲಿ, ಅಂದರೆ ವರ್ಷದ ಸಮ್ಮೇಳನದಲ್ಲಿ, ವೇದಿಕೆ ಹತ್ತುವ ಹುಡುಗಿಗೆ ನೂರಕ್ಕೆ ಎಪ್ಪತ್ತೈದು ಹಾಜರಿ ಇರಲೇಬೇಕು. ಇದು ಸರ್ಕಾರದ ನಿಯಮವಲ್ಲ, ನನ್ನದು. ಶಾಲೆ ತಪ್ಪಿಸಿ ಕುಣಿತ ಕಲಿಯುವುದು ನಿಲ್ಲಲಿ ಎಂದು ಮಾಡಿದ್ದೆ. ನಿಂತಿತ್ತು ಕೂಡ.

ಆ ವರ್ಷ ಶ್ರಾವಣದಲ್ಲಿ ಮಲಪ್ರಭೆ ತುಂಬಿ ಬಂದಳು. ಕೊಣ್ಣೂರಿನ ಸೇತುವೆ ನೀರಿನ ಕೆಳಗೆ ಹೋಗಿ ಬಸ್ಸುಗಳು ಈಚೆಗೇ ನಿಂತವು. ಹೊಳೆಮಣ್ಣೂರಿನ ಮನೆಗಳಿಗೆ ನೀರು ನುಗ್ಗಿ ಜನ ದನಕರುಗಳೊಂದಿಗೆ ಎತ್ತರದ ಶೆಡ್ಡುಗಳಿಗೆ ಹೋದರು. ನಮ್ಮ ಒಂಬತ್ತನೆಯ ತರಗತಿಯ ರೇಣುಕಾ ಆ ಊರಿನವಳು, ಕೂಲಿ ಮಾಡುವವರ ಮಗಳು, ನರಗುಂದದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸುದ್ದಿ ಬಂದ ದಿನವೇ ಊರಿಗೆ ಹೋದವಳು ಒಂದು ತಿಂಗಳು ಬರಲಿಲ್ಲ. ಮನೆಯೊಳಗಿನ ರಾಡಿ ತೆಗೆಯುವುದಿತ್ತು, ತಾಯಿಗೆ ಜ್ವರವಿತ್ತು. ದೀಪಾವಳಿಯ ಮುಂದೆ ಹತ್ತಿ ಬಿಡಿಸಲು ಮತ್ತೆ ಹತ್ತು ದಿನ ಹೋದಳು. ಹಾಜರಿ ಪುಸ್ತಕದಲ್ಲಿ ಅವಳ ಸಾಲಿನ ತುಂಬ ಸೊನ್ನೆ.

ಅದೇ ವರ್ಷ ಸುಮಂಗಲಾ ಎಂಬ ಹೊಸ ಟೀಚರ್ ಇಂಗ್ಲಿಷ್ ಕಲಿಸಲು ಬಂದಿದ್ದರು. ಇಪ್ಪತ್ತಾರರ ಹುಡುಗಿ. ಗ್ರಂಥಾಲಯದ ರದ್ದಿಯಲ್ಲಿ ಅವರಿಗೆ ಹಳೆಯ ಒಂದು ಇಂಗ್ಲಿಷ್ ಮಾಸಪತ್ರಿಕೆ ಸಿಕ್ಕಿತು. ಅಮೆರಿಕದಲ್ಲಿ ಮೊದಮೊದಲು ಸಿನಿಮಾಕ್ಕೆ ಬಂದ ಕಪ್ಪು ನಟಿಯರ ಬಗ್ಗೆ ಅದರಲ್ಲಿ ಲೇಖನವಿತ್ತು. ಮೂರು ನಾಲ್ಕು ಜನರ ಬದುಕನ್ನು ಕೂಡಿಸಿ ಒಬ್ಬಳನ್ನು ಮಾಡಿ, ರೂತ್ ಎಂದು ಹೆಸರಿಟ್ಟು, ಗ್ಯಾದರಿಂಗ್‌ಗೆ ನಾಟಕ ಬರೆದರು.

ನಾಟಕ ಓದಿದ್ದು ನಾನೇ. ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿದ್ದೂ ನಾನೇ, ನಲವತ್ತು ನಿಮಿಷದ್ದನ್ನು ಇಪ್ಪತ್ತೆಂಟಕ್ಕೆ ಇಳಿಸಿದ್ದೂ ನಾನೇ. ಮೊದಲ ದೃಶ್ಯದಲ್ಲಿ ರೂತ್ ಒಂದು ಆಟದ ಡೇರೆಯ ಹೊರಗೆ ನಿಂತಿರುತ್ತಾಳೆ. ಒಳಗೆ ಬಿಳಿಯರು ಮುಖಕ್ಕೆ ಮಸಿ ಹಚ್ಚಿಕೊಂಡು ಕಪ್ಪು ಜನರಂತೆ ಕುಣಿಯುತ್ತಾರೆ, ಜನ ನಗುತ್ತಾರೆ. ನಿಜವಾದ ಕಪ್ಪು ಹುಡುಗಿಗೆ ಒಳಗೆ ಜಾಗವಿಲ್ಲ. ಮುಂದೆ ಅವಳು ಪರರ ಬಟ್ಟೆ ಒಗೆಯುತ್ತಾಳೆ, ಚರ್ಚಿನಲ್ಲಿ ಹಾಡುತ್ತಾಳೆ, ಹೇಗೋ ಸಿನಿಮಾಕ್ಕೆ ಹೋಗುತ್ತಾಳೆ. ಅಲ್ಲಿ ಸಿಗುವುದು ಮನೆಗೆಲಸದವಳ ಪಾತ್ರ, ಒಂದೇ ಮಾತು: 'ಆಯಿತು ಅಮ್ಮಾ.' ತಾನು ನಟಿಸಿದ ಸಿನಿಮಾ ತನ್ನ ಊರಿಗೆ ಬಂದಾಗ ಅವ್ವನ ಕೈ ಹಿಡಿದುಕೊಂಡು ನೋಡಲು ಹೋದರೆ, ಮುಂಬಾಗಿಲಿನಿಂದ ಬಿಡದೆ ಪಕ್ಕದ ಮೆಟ್ಟಿಲಿನಿಂದ ಮೇಲಿನ ಹಿಂದಿನ ಸಾಲಿಗೆ ಕಳಿಸುತ್ತಾರೆ. ಕೊನೆಗೆ ಅವಳಿಗೆ ವಯಸ್ಸಾಗಿದೆ. ಹೊಸ ಕಾಲದ ಒಬ್ಬ ನಟಿ ಬಂದು, ಜೀವನವಿಡೀ ಆಳಿನ ಪಾತ್ರ ಯಾಕೆ ಒಪ್ಪಿಕೊಂಡೆ ಎಂದು ಜಗಳ ತೆಗೆಯುತ್ತಾಳೆ. ರೂತ್ ಹೇಳುತ್ತಾಳೆ: "ಬಾಗಿಲು ಎಷ್ಟು ತೆರೆದಿತ್ತೋ ಅಷ್ಟರಲ್ಲೇ ಮೈ ತೂರಿಸಿ ಒಳಗೆ ಬಂದೆ. ಅಗಲ ಮಾಡುವುದು ನಿನ್ನ ಕೆಲಸ."

ಇಷ್ಟನ್ನೂ ಓದಿ ನಾನು ಸುಮಂಗಲಾ ಅವರಿಗೆ ಕೇಳಿದ್ದು, ಡೇರೆ ಬಿಚ್ಚಲು ಎಷ್ಟು ನಿಮಿಷ ಬೇಕು ಎಂದು.

ರೂತಳ ಪಾತ್ರಕ್ಕೆ ಹುಡುಗಿಯನ್ನು ಆರಿಸಿದ ದಿನ ನಾನು ವರಾಂಡದಲ್ಲಿ ನಿಂತು ನೋಡಿದೆ. ಸುಮಂಗಲಾ ಎಲ್ಲರಿಗೂ ಆ ಒಂದೇ ಮಾತು ಕೊಟ್ಟು ಬೇರೆ ಬೇರೆ ರೀತಿ ಹೇಳಿ ಎಂದಿದ್ದರು. ಉಳಿದವರು ಒಂದೆರಡು ರೀತಿ ಹೇಳಿ ನಕ್ಕು ಕೂತರು. ರೇಣುಕಾ ಎದ್ದು ಏಳು ರೀತಿ ಹೇಳಿದಳು. ನಿದ್ದೆಗಣ್ಣಿನಲ್ಲಿ ಒಮ್ಮೆ, ಹಲ್ಲು ಕಚ್ಚಿಕೊಂಡು ಒಮ್ಮೆ, ಅಳು ನುಂಗಿಕೊಂಡು ಒಮ್ಮೆ. ಆರನೆಯದರಲ್ಲಿ ಅದು ಬೈಗುಳವೇ ಆಗಿತ್ತು, ಆದರೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಏಳನೆಯದನ್ನು ಹೇಳಲೇ ಇಲ್ಲ, ಬರೀ ತಲೆ ಬಗ್ಗಿಸಿದಳು.

ಆಮೇಲೆ ಹಿಂದಿನ ಬೆಂಚಿನಿಂದ ಯಾರೋ, "ಇಕಿಗಿ ಬಣ್ಣದ ಖರ್ಚಽ ಇಲ್ಲ ಬಿಡ್ರಿ ಟೀಚರ್," ಎಂದರು.

ರೇಣುಕಾ ತಿರುಗಿ, "ನಿನಗ ಬುದ್ಧಿ ಖರ್ಚು ಇಲ್ಲದಂಗ," ಎಂದಳು. ಕಪ್ಪು ಮೈಬಣ್ಣದ ಹುಡುಗಿ. ಆ ಮಾತನ್ನು ಮೊದಲ ಸಲ ಕೇಳಿಸಿಕೊಂಡವಳಲ್ಲ.

ನವೆಂಬರ್ ಕೊನೆಗೆ ನಾನು ಹಾಜರಿ ಲೆಕ್ಕ ಹಾಕಿದೆ. ರೇಣುಕಾಳದು ಎಪ್ಪತ್ತೂ ದಾಟಿರಲಿಲ್ಲ. ಸುಮಂಗಲಾ ನನ್ನ ಕೋಣೆಗೆ ಬಂದು ನಿಂತೇ ಮಾತಾಡಿದರು. "ಮೇಡಂ, ಹೊಳೆ ಬಂದದ್ದು ಅವಳ ತಪ್ಪೇನ್ರಿ?"

"ತಪ್ಪು ಅಂತ ಅನ್ನಲಿಲ್ಲ ನಾ. ತಲಾಠಿ ಕಡೆಯಿಂದ ಒಂದು ದಾಖಲೆ ತರ್ಲಿ, ಮನಿಗೆ ನೀರು ಬಂದಿತ್ತು ಅಂತ. ಆ ತಿಂಗಳ ಗೈರುಹಾಜರಿ ಬಿಡ್ತೀನಿ. ಶನಿವಾರ ಹನ್ನೆರಡರೊಳಗ ನನ್ನ ಟೇಬಲ್ ಮ್ಯಾಲ ಇರಬೇಕು. ಸೋಮವಾರ ಕಾರ್ಯಕ್ರಮದ ಪಟ್ಟಿ ಅಚ್ಚಿಗೆ ಹೋಗತೈತಿ."

ನಾನು ಉದಾರವಾಗಿ ನಡೆದುಕೊಂಡೆ ಎಂದೇ ಆಗ ತಿಳಿದಿದ್ದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹನ್ನೆರಡರ ತನಕ ಕೂತೆ. ಹನ್ನೆರಡಕ್ಕೆ ಪಟ್ಟಿಗೆ ಸಹಿ ಮಾಡಿ, ಲಕೋಟೆಗೆ ಹಾಕಿ ಅಂಟಿಸಿದೆ. ಹನ್ನೆರಡೂ ನಲವತ್ತಕ್ಕೆ ಕೋಣೆಗೆ ಬೀಗ ಹಾಕುವಾಗ ರೇಣುಕಾ ಓಡಿಬಂದಳು. ಕಾಲಿನ ತುಂಬ ಎರೆಮಣ್ಣು. ಗ್ರಾಮಲೆಕ್ಕಿಗನಾದ ತಲಾಠಿ ಬೆಳೆ ನೋಡಲು ಹೊಲಕ್ಕೆ ಹೋಗಿದ್ದನಂತೆ, ಹೊಲಕ್ಕೇ ಹೋಗಿ ಸಹಿ ಮಾಡಿಸಿದ್ದಳು. ಬರುವ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಕಾಗದ ಬೆವರಿಗೆ ಮೆತ್ತಗಾಗಿತ್ತು.

"ಟೈಮ್ ಮುಗದೈತಿ ರೇಣುಕಾ," ಎಂದೆ.

"ಬಸ್ಸು ಬರಲಿಲ್ರಿ ಅಕ್ಕೋರ."

"ನಿನ್ನೆ ಹೋಗಿ ನಿನ್ನೇನ ಬರಬೇಕಿತ್ತು. ಇವತ್ತು ನಿನಗ ಬಿಟ್ರ, ನಾಳೆ ನಲವತ್ತು ಮಂದಿ ಬಂದು ನಿಂದರ್ತಾರ."

"ಆತ್ರಿ ಅಕ್ಕೋರ," ಎಂದಳು. ಏಳು ರೀತಿಗಳಲ್ಲಿ ಅದು ಯಾವುದೆಂದು ಇಂದಿಗೂ ಹೇಳಲಾರೆ. ಲಕೋಟೆ ನನ್ನ ಕೈಚೀಲದಲ್ಲೇ ಇತ್ತು. ಬಿಚ್ಚಿ ಒಂದು ಹೆಸರು ಬರೆಯಲು ಅರ್ಧ ನಿಮಿಷ ಸಾಕಿತ್ತು.

ಪಾತ್ರ ಪ್ರಾರ್ಥನಾಳಿಗೆ ಹೋಯಿತು. ಅವಳು ಶಾಲಾ ಸಮಿತಿಯ ಅಧ್ಯಕ್ಷರ ಮಗಳು. ಅವರು ಪೇಟೆಯಲ್ಲಿ ಹತ್ತಿಯ ದೊಡ್ಡ ವ್ಯಾಪಾರಸ್ಥರು. ಅಧ್ಯಕ್ಷರ ಮುಲಾಜಿಗೆ ಕೊಟ್ಟೆ ಎಂದು ಆಗ ಸ್ಟಾಫ್ ರೂಮಿನಲ್ಲಿ ಮಾತಾಯಿತು. ಅದು ಸುಳ್ಳು. ಹಾಜರಿ ತುಂಬಿದವರಲ್ಲಿ ಗಟ್ಟಿ ದನಿ ಅವಳದು, ಅಷ್ಟೇ. ಆದರೆ ಮಳೆಗಾಲದಲ್ಲಿ ಹಾಜರಿ ತುಂಬುವುದು ಯಾರ ಮನೆಯ ಮಕ್ಕಳಿಗೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವಳಿಗೆ ಆ ಸರಳ ಲೆಕ್ಕ ಹೊಳೆಯಲಿಲ್ಲ.

ಅಧ್ಯಕ್ಷರು ಸಿಟ್ಟಿನಿಂದಲೇ ಶಾಲೆಗೆ ಬಂದಿದ್ದರು. "ಏನ್ರಿ ಅಕ್ಕೋರ, ನಮ್ಮ ಹುಡುಗಿಗಿ ಕರೇ ಹೆಂಗಸಿನ ಪಾರ್ಟ್ ಕೊಟ್ಟೀರಂತ. ಅದರಾಗ ರಾಣಿ ಗೀಣಿ ಯಾರೂ ಇಲ್ಲೇನ್ರಿ?"

"ಇಡೀ ನಾಟಕ ಆಕೀದೇ ರೀ. ಮುಖ್ಯ ಪಾತ್ರ."

"ಮುಖ್ಯ ಪಾತ್ರೇನು? ಹಂಗಾದ್ರ ಸೈ ಬಿಡ್ರಿ. ಮಸಿ ಏನು, ತೊಳಕೊಂಡ್ರ ಹೋಗತೈತಿ."

ರೇಣುಕಾಳಿಗೆ ಸುಮಂಗಲಾ ಬದಿಯ ಪರದೆಯ ಹಿಂದೆ ನಿಂತು ಮಾತು ನೆನಪಿಸಿಕೊಡುವ ಕೆಲಸ ಕೊಟ್ಟರು. ಜೊತೆಗೆ ಒಂದೇ ಒಂದು ಸಲ ಟ್ರೇ ಹಿಡಿದು ವೇದಿಕೆ ದಾಟಿ ಹೋಗುವ ಆಳು. ಮಾತಿಲ್ಲದ ಪಾತ್ರಕ್ಕೆ ಹಾಜರಿ ನಿಯಮ ಅನ್ವಯಿಸುವುದಿಲ್ಲ ಎಂದು ನಾನೇ ವಿನಾಯಿತಿ ಕೊಟ್ಟೆ.

ಗ್ಯಾದರಿಂಗ್ ದಿನ ಡಿಸೆಂಬರಿನ ಒಣ ಗಾಳಿ ಬೀಸುತ್ತಿತ್ತು. ಹೊಳೆ ತಣ್ಣಗೆ ತನ್ನ ದಂಡೆಯೊಳಗೆ ಮರಳಿತ್ತು, ಎರೆಹೊಲಗಳಲ್ಲಿ ಜೋಳ ಮೊಳಕಾಲಿನ ಮಟ್ಟಕ್ಕೆ ಬಂದಿತ್ತು. ಬಣ್ಣ ಹಚ್ಚಲು ಗಜೇಂದ್ರಗಡದಿಂದ ಈರಪ್ಪ ಬಂದಿದ್ದ. ನಾಟಕ ಕಂಪನಿಗಳ ಹಿಂದೆ ಮೂವತ್ತು ವರ್ಷ ತಿರುಗಿದವನು. ಅವನ ಪದ್ಧತಿ ಒಂದೇ. ಹುಡುಗಿಯರನ್ನು ಸಾಲಾಗಿ ಕೂರಿಸುವುದು, ಯಾವ ಪಾತ್ರ ಎಂದು ಕೇಳದೆ ಎಲ್ಲರ ಮುಖಕ್ಕೂ ಗುಲಾಬಿ ಮುರದಾಳದ ಬಣ್ಣ ಮೆತ್ತುವುದು, ಗಲ್ಲಕ್ಕೆ ಕೆಂಪು ಇಡುವುದು. ಕರಿಯ ಮುಖವನ್ನು ಹಾಗೇ ವೇದಿಕೆಗೆ ಕಳಿಸುವುದು ಅವನ ಕಸುಬಿಗೇ ಅವಮಾನ. ಆರೂಕಾಲಿಗೆ ನಾನು ಬಣ್ಣದ ಕೋಣೆಗೆ ಹೋದಾಗ ಪ್ರಾರ್ಥನಾಳ ಬೆಳ್ಳನೆಯ ಮುಖಕ್ಕೆ ಹಂಚಿನ ಮಸಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದ. ಅವಳ ಪಕ್ಕದ ಸ್ಟೂಲಿನಲ್ಲಿ ರೇಣುಕಾ, ಹಣೆಯಿಂದ ಗದ್ದದ ತನಕ ಗುಲಾಬಿ.

ಸುಮಂಗಲಾ ಬಾಗಿಲಲ್ಲಿ ನಿಂತಿದ್ದರು. "ಈರಪ್ಪಾರ, ಇಕಿಗ್ಯಾಕ ಹಚ್ಚಿದ್ರಿ? ಇಕೀದೂ ಕರೇ ಹೆಂಗಸಿನ ಪಾರ್ಟ್. ಹಂಗಽ ಬಿಟ್ಟಿದ್ರ ಆಗತಿತ್ತು."

"ಟೀಚರ, ಖರೇ ಕರೇದು ಲೈಟಿನಾಗ ಕಾಣೂದಿಲ್ರಿ," ಎಂದ ಈರಪ್ಪ ಕೈ ನಿಲ್ಲಿಸದೆ. "ಬೆಳ್ಳಗಿದ್ದಾರಿಗೆ ಮಸಿ ಹಚ್ಚಿದ್ರ ಮಿಂಚತೈತಿ. ನಾ ಎಷ್ಟು ರಾಕ್ಷಸರನ್ನ ಮಾಡೇನಿ."

ಸುಮಂಗಲಾ ನನ್ನ ಕಡೆ ತಿರುಗಿದರು. "ಮೇಡಂ, ಮೊದಲನೇ ಸೀನ್ ನೆನಪೈತೇನ್ರಿ? ಡೇರೆದ್ದು?"

ನನಗೆ ಆ ಹೊತ್ತಿಗೆ ಹೊಳೆಯಿತು. ಕೆಂಪು ಶಾಯಿಯಲ್ಲಿ ತಿದ್ದಿದ ದೃಶ್ಯ ನನ್ನ ಕಣ್ಣೆದುರು ಎರಡು ಸ್ಟೂಲಿನ ಮೇಲೆ ಕೂತಿತ್ತು. ಆದರೆ ಗಡಿಯಾರದಲ್ಲಿ ಆರೂ ಇಪ್ಪತ್ತಾಗಿತ್ತು, ಆರೂವರೆಗೆ ಪ್ರಾರ್ಥನೆ. "ಈಗ ಬದಲಿ ಮಾಡಾಕ ವ್ಯಾಳ್ಯಾ ಇಲ್ಲ," ಎಂದೆ. ಸುಮಂಗಲಾ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ನಾಟಕ ಸಮಯಕ್ಕೆ ಸರಿಯಾಗಿ ಶುರುವಾಯಿತು. ಮಸಿಯ ಮುಖ ಕಂಡೊಡನೆ ಜನ ನಕ್ಕರು. ಡೇರೆಯ ಜನರನ್ನು ನೋಡಿ ನಗಬೇಕಿತ್ತು, ರೂತಳನ್ನು ನೋಡಿ ನಕ್ಕರು. ಪ್ರಾರ್ಥನಾ ಗಾಬರಿಯಾದಳು. 'ಆಯಿತು ಅಮ್ಮಾ' ಎಂಬುದನ್ನು ಪಾಠ ಒಪ್ಪಿಸುವಂತೆ ಒಂದೇ ರಾಗದಲ್ಲಿ ನಾಲ್ಕು ಸಲ ಹೇಳಿದಳು. ಚರ್ಚಿನ ದೃಶ್ಯ ಬಂತು. ಹಾಡಬೇಕಾದಲ್ಲಿ ಬಾಯಿ ತೆರೆದಳು, ಹಾಡು ಬರಲಿಲ್ಲ. ಹಿಂದಿನಿಂದ ಸೀಟಿ ಕೇಳಿಸಿತು.

ಆಗ ಬದಿಯ ಪರದೆಯ ಹಿಂದಿನಿಂದ ಹಾಡು ಎದ್ದಿತು. ಸುಮಂಗಲಾ ಬರೆದ ನಾಲ್ಕು ಸಾಲು, ಆದರೆ ರಾಗ ಅವರದಲ್ಲ. ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು ಮಧ್ಯಾಹ್ನದ ಬಿಸಿಲಲ್ಲಿ ಎಳೆಯುತ್ತಾರಲ್ಲ, ಆ ರಾಗ. ಆ ಅಮೆರಿಕದ ಜನರೂ ಹತ್ತಿಯ ಹೊಲದಿಂದ ಬಂದವರೆಂದು ರೇಣುಕಾಳಿಗೆ ಟೀಚರ್ ಹೇಳಿದ್ದರಂತೆ. ಸೀಟಿ ನಿಂತಿತು. ಪ್ರಾರ್ಥನಾ ತುಟಿ ಅಲ್ಲಾಡಿಸುತ್ತ ನಿಂತಳು. ಹಾಡು ಮುಗಿದಾಗ ಬಿದ್ದ ಚಪ್ಪಾಳೆ ಆ ಶಾಲೆಯಲ್ಲಿ ಹಿಂದೆಂದೂ ಬಿದ್ದಿರಲಿಲ್ಲ.

ಬಹುಮಾನ ಕೊಡುವಾಗ ನಾನು ಧ್ವನಿವರ್ಧಕದ ಮುಂದೆ ಪಟ್ಟಿ ಹಿಡಿದು ನಿಂತಿದ್ದೆ. ಉತ್ತಮ ನಟಿ ಎಂದು ಪ್ರಾರ್ಥನಾಳ ಹೆಸರು ಕರೆದೆ. ಮುಖ್ಯ ಅತಿಥಿಗಳು ವಯಸ್ಸಾದ ಡಾಕ್ಟರು. ಅವರು ನನ್ನ ಕಡೆ ಬಾಗಿ, "ಹಾಡಿದಾಕಿ ಈಕಿ ಅಲ್ಲಲ್ರಿ. ಒಳಗ ಇದ್ದಾಕಿನ್ನೂ ಕರೀರಿ ಮುಂದ," ಎಂದರು.

ಒಂದು ಹೆಸರು, ಮೂರು ಅಕ್ಷರ. ಬದಿಯಲ್ಲಿ ರೇಣುಕಾ ನಿಂತಿದ್ದಳು. ಗುಲಾಬಿ ಬಣ್ಣದ ಮೇಲೆ ಬೆವರು ಇಳಿದು ಕಪ್ಪು ಗೆರೆಗಳು ಮೂಡಿದ್ದವು. ಡಾಕ್ಟರ ಮಾತು ಕೇಳಿಸಿತ್ತೆಂದು ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟಳು.

"ಪಟ್ಟಿಯೊಳಗ ಹೆಸರಿಲ್ರಿ ಸರ್," ಎಂದೆ ನಾನು. "ವ್ಯಾಳ್ಯಾನೂ ಆಗೈತಿ." ವಂದನಾರ್ಪಣೆಗೆ ಕರೆದೆ. ಸಮಾರಂಭ ನಿಗದಿಯಾದ ಸಮಯಕ್ಕೆ ಮುಗಿಯಿತು.

ನಲ್ಲಿಯ ಹತ್ತಿರ ಹೋದಾಗ ರೇಣುಕಾ ಬಿಸಿನೀರಿನ ತಂಬಿಗೆ ಹಿಡಿದು ಪ್ರಾರ್ಥನಾಳ ಮುಖ ತಿಕ್ಕುತ್ತಿದ್ದಳು.

"ಹೋಗವಲ್ದು ಲೇ ಇದು," ಪ್ರಾರ್ಥನಾ ಅಳುತ್ತಿದ್ದಳು.

"ಒಂದ್ ವಾರ ಇರಲಿ ಬಿಡ. ನನಗ ಜೋಡಿ ಆಗತಿ."

ಅಳುತ್ತಿದ್ದವಳು ನಕ್ಕಳು. ನನ್ನನ್ನು ಕಂಡು ಇಬ್ಬರೂ ಎದ್ದು ನಿಂತರು. ಪ್ರಾರ್ಥನಾ ಬಹುಮಾನದ ಸ್ಟೀಲಿನ ಡಬ್ಬಿಯನ್ನು ಮುಂದೆ ಚಾಚಿ, "ಅಕ್ಕೋರ, ಇದನ್ನ ಇಕಿಗಿ ಕೊಡ್ರಿ. ಹಾಡಿದಾಕಿ ಇಕಿ," ಎಂದಳು. ಹದಿನಾಲ್ಕು ವರ್ಷದ ಹುಡುಗಿ ನನಗೆ ಇನ್ನೊಂದು ಅವಕಾಶ ಕೊಟ್ಟಳು.

"ಒಮ್ಮೆ ಕೊಟ್ಟದ್ದನ್ನ ಬದಲಿ ಮಾಡಾಕ ಬರಂಗಿಲ್ಲ," ಎಂದೆ. "ಲಗೂ ಮುಖ ತೊಳಕೊಂಡು ಮನಿಗೆ ಹೋಗ್ರಿ."

ಜೂನ್‌ನಲ್ಲಿ ಸುಮಂಗಲಾ ವರ್ಗ ಮಾಡಿಸಿಕೊಂಡು ಹೋದರು. ಹೋಗುವಾಗ ನನ್ನ ಮೇಲೆ ದೂರೇನೂ ಹೇಳಲಿಲ್ಲ. ಹೇಳಿದ್ದರೆ ಚಲೋ ಇತ್ತು, ಉತ್ತರ ಕೊಟ್ಟು ಹಗುರಾಗುತ್ತಿದ್ದೆ. ರೇಣುಕಾ ಹತ್ತನೆಯದನ್ನು ಪಾಸು ಮಾಡಿದಳು. ಶಾಲೆ ಬಿಡುವ ತನಕ ಮತ್ತೆ ಗ್ಯಾದರಿಂಗ್‌ಗೆ ಹೆಸರು ಕೊಡಲಿಲ್ಲ. ಹತ್ತನೆಯದರಲ್ಲಿ ಅವಳ ಹಾಜರಿ ನೂರಕ್ಕೆ ತೊಂಬತ್ತಾರು ಇತ್ತು.

ಇದನ್ನೆಲ್ಲ ನೆನೆಯುತ್ತಲೇ ಅವತ್ತು ರೋಣದ ಬಸ್ ನಿಲ್ದಾಣಕ್ಕೆ ಬಂದು ಎಂಟೂಕಾಲಿನ ನರಗುಂದದ ಬಸ್ಸು ಹತ್ತಿದೆ. ಕೂತು ಕಿಟಕಿ ಸರಿಸುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು. "ನರಗುಂದ, ಚಿಕ್ಕನರಗುಂದ, ಒಳಗ ಸರೀರಿ, ಬಾಗಲದಾಗ ನಿಂದರಬ್ಯಾಡ್ರಿ." ಆ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ತಿರುಗಿ ನೋಡಿದೆ. ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಕಂಡಕ್ಟರ್ ಆಗಿದ್ದಳು ರೇಣುಕಾ.

ಅವಳೂ ಗುರುತು ಹಿಡಿದಳು. "ಅಕ್ಕೋರ, ಆರಾಮದೀರೇನ್ರಿ? ಆಧಾರ್ ಕಾರ್ಡ್ ತೋರಸ್ರಿ." ಹೆಂಗಸರ ಉಚಿತ ಟಿಕೆಟ್ಟನ್ನು ಹರಿದು ಕೈಗಿಟ್ಟಳು. ನನಗಾಗಿ ಒಂದು ನಿಯಮವನ್ನೂ ಸಡಿಲಿಸಲಿಲ್ಲ.

ದಾರಿಯಲ್ಲಿ ಚಿಕ್ಕನರಗುಂದದಲ್ಲಿ ಬಸ್ಸು ನಿಂತಿತು, ಹತ್ತುವವರು ಹತ್ತಿದರು, ಆದರೆ ಅವಳು ಸೀಟಿ ಊದಲಿಲ್ಲ. ಊರಿನ ಕಡೆಯಿಂದ ಶಾಲೆಯ ಹುಡುಗಿಯರು ಮೂರು ಜನ ಚೀಲ ಎದೆಗವಚಿಕೊಂಡು ಓಡಿಬರುತ್ತಿದ್ದರು. ನನ್ನ ಮುಂದೆ ಕೂತ ರುಮಾಲಿನ ಹಿರಿಯರೊಬ್ಬರು, "ಹೊಡೀ ಸೀಟಿ ತಂಗಿ, ಕೋರ್ಟಿನಾಗ ತಾರೀಖು ಐತಿ ನಂದು," ಎಂದರು.

"ಜಡ್ಜ ಸಾಹೇಬ್ರು ಹನ್ನೊಂದಕ್ಕ ಬರ್ತಾರ ಯಜ್ಜಾರ. ಇವ್ರ ಗಂಟಿ ಅವ್ರಕಿಂತ ಮೊದಲು ಹೊಡೀತೈತಿ," ಎಂದಳು ರೇಣುಕಾ. ಬಸ್ಸಿನವರು ನಕ್ಕರು. ಹುಡುಗಿಯರು ಹತ್ತಿದರು.

ಟಿಕೆಟ್ ಕೊಟ್ಟು ಮುಗಿದ ಮೇಲೆ ಅವಳು ನನ್ನ ಸೀಟಿನ ಕಂಬಿಗೆ ಒರಗಿ ನಿಂತಳು. ಹೇಳಬೇಕೆಂದು ವರ್ಷಗಳಿಂದ ಜೋಡಿಸಿಟ್ಟಿದ್ದ ಮಾತುಗಳು ಒಂದೂ ಸಾಲಾಗಿ ಬರಲಿಲ್ಲ. "ಆ ನಾಟಕ ನೆನಪೈತೇನು?" ಎಂದೆ.

"ಪೂರಾ ಬರತೈತ್ರಿ. ಎಲ್ಲಾರ ಮಾತೂ."

"ಅವತ್ತು ನಾ ಮಾಡಿದ್ದು ತಪ್ಪು ರೇಣುಕಾ. ಶನಿವಾರದ್ದೂ ತಪ್ಪು, ಗ್ಯಾದರಿಂಗ್ ದಿನದ್ದೂ."

ಅವಳು ಕಿಟಕಿಯ ಹೊರಗೆ ನೋಡಿದಳು. ನರಗುಂದದ ಗುಡ್ಡ ಕಾಣತೊಡಗಿತ್ತು. "ಹೌದ್ರಿ," ಎಂದಳು. ಇರಲಿ ಬಿಡ್ರಿ ಎನ್ನುತ್ತಾಳೆಂದು ಕಾದೆ. ಎನ್ನಲಿಲ್ಲ.

"ಆ ಹಾಡು ಒಂದು ಸಲ ಅಂದು ತೋರಸ್ತಿಯೇನು? ಸಣ್ಣಾಗಿ?"

"ಡ್ಯೂಟಿ ಮ್ಯಾಲ ಅದೀನ್ರಿ ಅಕ್ಕೋರ," ಎಂದು ಮುಂದಿನ ಸೀಟಿನ ಕಡೆ ಹೋದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದಕ್ಕೆ ನಾನು ಏನಾದರೂ ಹೇಳಬಹುದಿತ್ತು.

ನರಗುಂದದಲ್ಲಿ ಎಲ್ಲರೂ ಇಳಿದರು. ಮೊಳಕಾಲು ನೋವಿನಿಂದ ನಾನು ಕೊನೆಯವಳಾದೆ. ಬಸ್ಸು ಮುಂದೆ ಹೋಗುವುದಿತ್ತು, ಹತ್ತುವವರು ಬಾಗಿಲಿಗೆ ಮುಗಿಬಿದ್ದಿದ್ದರು, ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಗಡಬಡಿಸಿ ಮೆಟ್ಟಿಲಿಗೆ ಕಾಲಿಟ್ಟವಳು ತಡವರಿಸಿದೆ. ರೇಣುಕಾ ಕೆಳಗಿಳಿದು ಜನರನ್ನು ಒಂದು ಕೈಯಿಂದ ತಡೆದು, ಇನ್ನೊಂದರಿಂದ ನನ್ನ ಮೊಳಕೈ ಹಿಡಿದಳು.

"ಸಾವಕಾಶ ಇಳೀರಿ ಅಕ್ಕೋರ," ಎಂದಳು. "ಬಸ್ಸು ನಿಂದರತೈತಿ."

ಇಳಿದು ನಿಂತು, ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡೆ. ಬಸ್ಸು ಅದಾಗಲೇ ಆರು ನಿಮಿಷ ತಡವಾಗಿತ್ತು.